ಹಸಿರು ಕ್ಯಾಪಿನ ಟೈರು

2016ರ ಬೇಸಿಗೆ. ಮಕ್ತಲ್‌ನಲ್ಲಿ ರಾಯಚೂರು ರಸ್ತೆಯ ಮೇಲೆ ನಾನು ಟೈರ್ ಅಂಗಡಿ ಇಟ್ಟು ಇಪ್ಪತ್ತು ವರ್ಷ ದಾಟಿತ್ತು. ತೆಲಂಗಾಣ ರಾಜ್ಯವಾಗಿ ಹೊಸ ಗಾಡಿಗಳ ನಂಬರ್ ಪ್ಲೇಟಿನಲ್ಲಿ ಎಪಿ ಹೋಗಿ ಟಿಎಸ್ ಬಂದಿತ್ತು. ನನ್ನ ಸೊಂಟನೋವು ಮಾತ್ರ ಹಳೆಯದೇ. ಕಾರಿನ ಬಾಗಿಲು ತೆರೆದರೆ ಎಷ್ಟು ಗಾಳಿ ಬೇಕೆಂದು ಚೀಟಿ ಅಂಟಿಸಿರುತ್ತಾರೆ. ಹಗುರ ಗಾಡಿಗೊಂದು ಅಂಕಿ, ತುಂಬಿದ ಗಾಡಿಗೊಂದು. ಅದನ್ನು ಓದಿರೆಂದು ನಾರಾಯಣಪೇಟೆಯಿಂದ ಗದ್ವಾಲದವರೆಗಿನ ಡ್ರೈವರುಗಳಿಗೆ ಹೇಳಿ ಹೇಳಿ ಸಾಕಾಗಿತ್ತು. ಗಾಳಿ ಹಾಕುವವನದು ಗಾಳಿಮಾತೇ ಎಂದು ನಗುತ್ತಿದ್ದರು.

ಆಗ ಹೊಸದೊಂದು ನಂಬಿಕೆ ಹಬ್ಬಿತ್ತು. ರಾಯಚೂರಿನಲ್ಲಿ ನೈಟ್ರೋಜನ್ ತುಂಬಿಸಿದ ಟೈರಿನ ವಾಲ್ವಿಗೆ ಹಸಿರು ಕ್ಯಾಪ್ ಹಾಕುತ್ತಿದ್ದರು. ನೈಟ್ರೋಜನ್ ಒಳ್ಳೆಯದೇ, ಅದರಲ್ಲಿ ತೇವ ಇರುವುದಿಲ್ಲ, ಸೋರುವುದೂ ತುಸು ನಿಧಾನ. ಆದರೆ ಜನ ಅದಕ್ಕೆ ಮಡಿ ಉಡಿಸಿಬಿಟ್ಟಿದ್ದರು. ಗಾಳಿ ಎಷ್ಟೇ ಇಳಿದರೂ ಸಾದಾ ಗಾಳಿ ಮುಟ್ಟಿಸುತ್ತಿರಲಿಲ್ಲ. ನೈಟ್ರೋಜನ್ ಮಷಿನ್ ನನ್ನ ಅಂಗಡಿಯಲ್ಲಿರಲಿಲ್ಲ.

ನಾರಾಯಣಪೇಟೆ ಕಡೆಯ ಬೀರಪ್ಪ ಬಾಡಿಗೆ ಕಾರು ಓಡಿಸುತ್ತಿದ್ದ. ಅವನ ಅಕ್ಕ ಮಾಳಮ್ಮನ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆರಡು ಸಲ ಅವಳನ್ನು ರಾಯಚೂರಿಗೆ ಡಯಾಲಿಸಿಸ್‌ಗೆ ಒಯ್ಯುತ್ತಿದ್ದ. ಒಂದು ಬೆಳಿಗ್ಗೆ ಅವನ ಕಾರು ಅಂಗಡಿ ಮುಂದೆ ಹಾಯುವಾಗ ಹಿಂದಿನ ಟೈರು ಕುಕ್ಕರಿಸಿದ್ದು ಕಂಡು ಕೂಗಿ ನಿಲ್ಲಿಸಿದೆ. ಒಳಗೆ ಮಾಳಮ್ಮ, ಅವಳ ಗಂಡ, ತಾಯಿ, ಒಂದಿಷ್ಟು ಗಂಟುಮೂಟೆ. ಮಾಳಮ್ಮನ ಕಾಲು ಬಾತಿದ್ದವು, ಏದುಸಿರು ಬಿಡುತ್ತಿದ್ದಳು. ಹಿಂದಿನ ಸರದಿ ತಪ್ಪಿತ್ತಂತೆ. ಇವತ್ತೂ ತಪ್ಪಿದರೆ ಅವಳು ಉಳಿಯುವುದು ಕಷ್ಟವೆಂದು ಯಾರೂ ಹೇಳಬೇಕಿರಲಿಲ್ಲ.

ಗೇಜ್ ಹಚ್ಚಿದೆ. ಮೂವತ್ತಾರು ಪಾಯಿಂಟ್ ಬೇಕಾದಲ್ಲಿ ಹತ್ತೊಂಬತ್ತು. ಪಾಯಿಂಟ್ ಎಂದರೆ ಗಾಳಿಯ ಒತ್ತಡದ ಅಳತೆ, ಕಂಪನಿಯವರ ಪಿಎಸ್‌ಐ. ಗಾಳಿ ಕಮ್ಮಿಯಾದ ಟೈರು ಓಡುವಾಗ ಬಗ್ಗಿ ಬಗ್ಗಿ ಕಾಯುತ್ತದೆ; ಇದರ ಪಕ್ಕೆಯ ರಬ್ಬರು ಮುಟ್ಟಲಾಗದಷ್ಟು ಸುಡುತ್ತಿತ್ತು, ಸುತ್ತಲೂ ಸವೆದ ಗೆರೆ ಬಿದ್ದಿತ್ತು. ಇದಕ್ಕೆ ಗಾಳಿ ತುಂಬಿದರೂ ದಾರಿಯಲ್ಲಿ ಒಡೆಯಬಹುದು. ಸ್ಟೆಪ್ನಿ ಇಳಿಸಿದೆ. ಅದರಲ್ಲೂ ಇಪ್ಪತ್ತೇ, ಅದಕ್ಕೂ ಹಸಿರು ಕ್ಯಾಪು. ನಾನು ಪೈಪು ಎಳೆದದ್ದೇ ಬೀರಪ್ಪ ಕೈ ಅಡ್ಡ ಹಿಡಿದ.

"ಬ್ಯಾಡ್ರೀ ಕಾಕಾ. ಒಳಗ ನೈಟ್ರೋಜನ್ ಐತಿ. ಸಾದಾ ಗಾಳಿ ಕೂಡಿದ್ರ ಟೈರ್ ಒಡೀತೈತಂತ. ಹಂಗ ಸಾವಕಾಶ ಹೋಕ್ಕೀನಿ."

ನಾವು ಉಸಿರಾಡುವ ಗಾಳಿಯಲ್ಲೇ ಐದರಲ್ಲಿ ನಾಲ್ಕು ಪಾಲು ನೈಟ್ರೋಜನ್ ಐತೋ ಎಂದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಅಕ್ಕನ ಜೀವ ಅವನ ಕೈಯಲ್ಲಿತ್ತು, ಹೆದರಿದ್ದ. ನನಗೂ ಸಿಟ್ಟು ಬರುವಷ್ಟು ಕಸುವು ಉಳಿದಿರಲಿಲ್ಲ.

ಆಗ ಹಿಂದಿನ ಸೀಟಿನಿಂದ ಮಾಳಮ್ಮನೇ ಮಾತಾಡಿದಳು. "ತಮ್ಮಾ, ಯಾವೂರವರದೋ ಏನೋ ರಕ್ತ ನನ್ನ ಮೈಯಾಗ ಏರಿಸ್ಯಾರ. ಅದು ಕೂಡೇತಿ. ನಿನ್ನ ಟೈರಿಗೆ ಈ ಊರ ಗಾಳಿ ಕೂಡಂಗಿಲ್ಲೇನು? ಹಾಕಸು, ನನಗ ಕುಂದ್ರಾಕ ಆಗವಲ್ದು."

ಬೀರಪ್ಪ ಕೈ ತೆಗೆದ. ಮೂವತ್ತಾರಕ್ಕೆ ತುಂಬಿ, ಚಕ್ರ ಬದಲಿಸಿ, ಉಳಿದ ಮೂರನ್ನೂ ಸರಿಮಾಡಿ ಕಳಿಸಿದೆ. ಸಂಜೆ ಮರಳುವಾಗ ಮಾಳಮ್ಮ ಕಿಟಕಿಯಿಂದ ಕೈ ಎತ್ತಿದಳು.

ಆಮೇಲೆ ಹೋಗುವಾಗಲೆಲ್ಲ ಅವಳೇ ಹೇಳಿ ಕಾರು ನಿಲ್ಲಿಸುತ್ತಿದ್ದಳು. "ಅಣ್ಣಾ, ಗಾಳಿ ನೋಡ್ರಿ, ನಾ ಭಾರ ಅದೀನಿ" ಎನ್ನುತ್ತಿದ್ದಳು. ಎಲುಬಿನ ಗೂಡಿನಂಥ ಹೆಂಗಸು. ಮಳೆಗಾಲ ಮುಗಿಯುವವರೆಗೂ ಹೀಗೇ ನಡೆಯಿತು.

ಒಂದು ದಿನ ಬೀರಪ್ಪ ಒಬ್ಬನೇ ಬಂದ. ಅಕ್ಕ ಎಲ್ಲಿ ಎಂದೆ. ಅವನು ಚಕ್ರದ ಕಡೆ ನೋಡುತ್ತ ನಿಂತ.

"ಗಾಡಿ ಹಗುರ ಆತು ಕಾಕಾ. ಗಾಳಿ ಇಳಸ್ರಿ."

ಹಿಂದಿನ ಎರಡೂ ಟೈರುಗಳನ್ನು ಮೂವತ್ತಾರರಿಂದ ಮೂವತ್ತಕ್ಕೆ ಇಳಿಸಿದೆ. ಚೀಟಿಯಲ್ಲಿ ಹಗುರ ಗಾಡಿಗೆ ಬರೆದದ್ದು ಅಷ್ಟೇ.

ಅಲ್ಲಿಯವರೆಗೆ ಆ ಎರಡು ಅಂಕಿಗಳನ್ನು ನಾನು ಬರೀ ಭಾರದ ಲೆಕ್ಕವೆಂದು ತಿಳಿದಿದ್ದೆ. ಈಗ ಯಾವ ಕಾರು ಬಂದರೂ ಪೈಪು ಹಿಡಿಯುವ ಮೊದಲು ಒಂದು ಮಾತು ಕೇಳುತ್ತೇನೆ: "ಗಾಡ್ಯಾಗ ಯಾರ್ಯಾರು ಕುಂದರೋರು ಅದಾರ್ರೀ?"