ಎಲ್ಲ ಕಂಪ್ಯೂಟರಿನ ಹೊಟ್ಟೆಯೊಳಗೇ ಇದೆ

“ನೋಡಿ, ದುಡ್ಡು ಕೊಟ್ಟು ಅಂಗಡೀಲಿ ಪ್ರಿಂಟ್ ತೆಗೆಸೋನು, ದುಡ್ಡು ಕೊಟ್ಟು ಡಿಸ್ಕ್ ಬರೆಸೋನು, ಇಬ್ರೂ ಒಂದೇ ತೂಕದ ಪೆದ್ದರು. ಕಂಪ್ಯೂಟರ್ ಮಾಡ್ದೋನು ಎಲ್ಲಾನೂ ಅದರ ಹೊಟ್ಟೆಯೊಳಗೇ ಇಟ್ಟು ಕಳಿಸಿದಾನೆ. ಫೋಟೋ ಕತ್ತರಿಸ್ಬೇಕಾ? ಅದಕ್ಕೊಂದು ಇದೆ. ಹಾಡು ಡಿಸ್ಕಿಗೆ ಹಾಕ್ಬೇಕಾ? ಖಾಲಿ ಡಿಸ್ಕ್ ತಳ್ಳಿ, ಏನ್ ಮಾಡ್ಲಿ ಯಜಮಾನ್ರೇ ಅಂತ ಅದೇ ಕೇಳುತ್ತೆ. ಪ್ರಿಂಟಿಗೆ ಒಂದೇ ಗುಂಡಿ. ಆದ್ರೆ ನಮ್ಮ ಜನಕ್ಕೆ ಓದೋ ಅಭ್ಯಾಸ ಇಲ್ವಲ್ಲ! ಪರದೆ ಮೇಲೆ ಒಂದು ಸಾಲು ಬಂದ್ರೆ ಸಾಕು, ಹಾವು ಕಂಡ ಹಾಗೆ ಹೆದರ್ತಾರೆ. ನಾನು ಜೀವಮಾನ ಪೂರ್ತಿ ಈ ಊರಿನ ಸ್ಟೇಷನ್ನಲ್ಲಿ ರೈಲು ಬಿಟ್ಟೋನು. ಯಾವ ಹಳಿ ಮೇಲೆ ಯಾವ ಗಾಡಿ ನಿಂತಿದೆ, ಅದರ ಹಿಂದೆ ಯಾವುದು ಕಾಯ್ತಿದೆ ಅಂತ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತಿದ್ದೆ. ನನಗೆ ಯಃಕಶ್ಚಿತ್ ಪ್ರಿಂಟರ್ ದೊಡ್ಡದಾ?”

ಮೆತೋದಿ ಹೀಗೆ ಮಾತಾಡುವುದು ಯಾಂಬೋಲ್ ಸ್ಟೇಷನ್ನಿನ ಹಿಂದಿರುವ ನಮ್ಮ ಎಂಟು ಮಹಡಿ ಕಟ್ಟಡದ ಬಾಗಿಲ ಮುಂದೆ, ಬೆಂಚಿನ ಮೇಲೆ ಕೂತು. ಕಟ್ಟಡದ ಮೇಲ್ವಿಚಾರಣೆಯೂ ಅವನದೇ. ಲಿಫ್ಟು ನಿಂತರೆ ಅವನನ್ನು ಕೇಳಬೇಕು, ಮೆಟ್ಟಿಲ ದೀಪ ಕೆಟ್ಟರೆ ಅವನನ್ನು ಕೇಳಬೇಕು. ಕೇಳಿದರೆ ಅವನು ಕಂಪ್ಯೂಟರಿನ ಬಗ್ಗೆ ಹೇಳುತ್ತಾನೆ. ಆದ್ದರಿಂದ ಈಚೆಗೆ ಯಾರೂ ಕೇಳುವುದಿಲ್ಲ. ಕತ್ತಲಲ್ಲಿ ಮೆಟ್ಟಿಲು ಹತ್ತಿ ಹೋಗುತ್ತಾರೆ, ಅದೇ ಹಗುರ.

ಅವನ ವಿದ್ಯೆಯಿಂದ ಮನೆಗೆ ಉಪಯೋಗವೇ ಇಲ್ಲ ಅನ್ನುವಂತಿಲ್ಲ. ಹೆಂಡತಿ ಕೆರಾಂಕಾ ಅವನು ಬರೆದು ಕೆಡಿಸಿದ ಡಿಸ್ಕುಗಳನ್ನೆಲ್ಲ ದಾರಕ್ಕೆ ಪೋಣಿಸಿ ಬಾಲ್ಕನಿಗೆ ತೂಗುಬಿಟ್ಟಿದ್ದಾಳೆ. ಬಿಸಿಲಿಗೆ ಅವು ಥಳಥಳ ಅನ್ನುವಾಗ ಪಾರಿವಾಳ ಆ ಕಡೆ ಸುಳಿಯುವುದಿಲ್ಲ. ನಾಲ್ಕನೇ ಮಹಡಿಯಲ್ಲಿ ಒಗೆದ ಬಟ್ಟೆಯ ಮೇಲೆ ಹಿಕ್ಕೆ ಬೀಳದ ಮನೆ ಅದೊಂದೇ.

ಸೆಪ್ಟೆಂಬರಿನಲ್ಲಿ ಕೆರಾಂಕಾಳ ಅಕ್ಕ ದಾಫಿನಾ ಸತ್ತು ಒಂದು ವರ್ಷವಾಯಿತು. ದಾಫಿನಾ ಮದುವೆಯಾಗಲಿಲ್ಲ. ಊರ ಹೊರಗಿನ ಟೊಮೇಟೊ ಡಬ್ಬಿ ಕಾರ್ಖಾನೆಯಲ್ಲಿ ಕೆಲಸ ಮಾಡಿಕೊಂಡು, ಅಲ್ಲಿಯ ಹೆಂಗಸರ ಜೊತೆ ಹಾಡಿಕೊಂಡು ಇದ್ದವಳು. ಕಾರ್ಖಾನೆ ಮುಚ್ಚಿದ ಮೇಲೆ ಆ ಹೆಂಗಸರು ಊರಿನ ಮೂಲೆಮೂಲೆಗೆ ಚದುರಿಹೋದರು. ಅವಳು ಸತ್ತಾಗ ಶ್ರದ್ಧಾಂಜಲಿ ಹಾಳೆಯನ್ನು ಮನೆಯಲ್ಲೇ ಪ್ರಿಂಟ್ ತೆಗೆಯುತ್ತೇನೆಂದು ಮೆತೋದಿ ಹಟ ಹಿಡಿದ. ನಮ್ಮಲ್ಲಿ ಸಾವಿನ ಸುದ್ದಿ ತಿಳಿಯುವುದು ಬಾಗಿಲಿಗೆ, ಕಂಬಕ್ಕೆ, ಬಸ್ ನಿಲ್ದಾಣಕ್ಕೆ ಹಚ್ಚಿದ ಆ ಹಾಳೆಯಿಂದಲೇ. ಹಾಳೆ ಹೊರಗೆ ಬಂದದ್ದು ಮಣ್ಣು ಮಾಡಿದ ಮರುದಿನ. ಗೋರಿಯ ಹತ್ತಿರ ಪಾದ್ರಿ, ಗಂಡ ಹೆಂಡತಿ, ಮತ್ತೆ ಬೇರೆ ಹೆಣದ ಜೊತೆ ಬಂದು ದಾರಿ ತಪ್ಪಿದ ಒಬ್ಬ ಮುದುಕ, ಇಷ್ಟೇ ಜನ. ಆ ಮುದುಕನೇ ಎಲ್ಲರಿಗಿಂತ ಹೆಚ್ಚು ಅತ್ತ.

ಅದು ಕೆರಾಂಕಾಳ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ವರ್ಷದ ಸ್ಮರಣೆಗಾದರೂ ಅಕ್ಕನ ಜೊತೆಗಾತಿಯರು ಬರಬೇಕು, ಅಕ್ಕನ ಹಾಡು ನಾಲ್ಕು ಜನರ ಮುಂದೆ ಕೇಳಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

“ಈ ಸಲ ಅಂಗಡೀಲೇ ಮಾಡ್ಸೋಣ, ಮೆತೋದಿ.”

“ಮನೇಲಿ ಪ್ರಿಂಟರ್ ಇಟ್ಕೊಂಡು ಅಂಗಡಿಗೆ ಹೋದ್ರೆ ನನ್ನ ಮರ್ಯಾದೆ?”

“ಹೋದ ಸಲ ಏನಾಯ್ತು?”

“ಹೋದ ಸಲ ಪ್ರಿಂಟರ್ ಮುನಿಸ್ಕೊಂಡಿತ್ತು.”

“ಈ ಸಲ ಮುನಿಸ್ಕೊಂಡ್ರೆ?”

“ನನ್ನ ಹತ್ರ ಎರಡು ಸಲ ಮುನಿಸ್ಕೊಳ್ಳೋ ಧೈರ್ಯ ಯಾರಿಗಿದೆ?” ಎಂದ ಮೆತೋದಿ. ಅದೂ ನಿಜವೇ. ಕೆರಾಂಕಾ ಮದುವೆಯಾದ ಹೊಸದರಲ್ಲಿ ಒಮ್ಮೆ ಮುನಿಸಿಕೊಂಡು ನೋಡಿದ್ದಳು. ಅವನು ಗಮನಿಸಲೇ ಇಲ್ಲ.

ಸ್ಮರಣೆ ಶನಿವಾರ, ಪಿಂಚಣಿದಾರರ ಕ್ಲಬ್ಬಿನಲ್ಲಿ. ಶುಕ್ರವಾರ ಬೆಳಿಗ್ಗೆ ಮೆತೋದಿ ಕನ್ನಡಕ ಒರೆಸಿಕೊಂಡು ಕೂತ. ಮೊದಲು ಡಿಸ್ಕು. ಹಳೇ ಕ್ಯಾಸೆಟ್ಟಿನಿಂದ ದಾಫಿನಾಳ ಹಾಡನ್ನು ಕಂಪ್ಯೂಟರಿಗೆ ಇಳಿಸಿದ್ದಾಗಿತ್ತು. ಖಾಲಿ ಡಿಸ್ಕು ತಳ್ಳಿದಾಗ ಪರದೆ ವಿನಯದಿಂದ ಕೇಳಿತು: ಇದನ್ನು ಪೆನ್ ಡ್ರೈವಿನ ಹಾಗೆ ಬಳಸುವಿರೋ, ಇಲ್ಲ ಡಿಸ್ಕ್ ಪ್ಲೇಯರಿನಲ್ಲಿ ಹಾಕುವಿರೋ?

“ಪ್ಲೇಯರಿಗೆ ಅಂತ ಬರೆದ್ರೆ ಒಂದೇ ಸಲ. ಮೊದಲನೇದು ಒತ್ತಿದ್ರೆ ಅಳಿಸ್ಬಹುದು, ಸೇರಿಸ್ಬಹುದು, ಏನ್ ಬೇಕಾದ್ರೂ ಮಾಡ್ಬಹುದು,” ಎಂದು ಹೆಂಡತಿಗೆ ಕೇಳುವಂತೆ ಹೇಳಿ ಮೊದಲನೆಯದನ್ನೇ ಒತ್ತಿದ.

“ನಾವು ಪ್ಲೇಯರಿಗೇ ತಾನೇ ಹಾಕೋದು?” ಎಂದಳು ಬಾಲ್ಕನಿಯಿಂದ ಕೆರಾಂಕಾ.

“ನೀನು ಮೆಣಸಿನಕಾಯಿ ಸುಡು.”

ಅವಳು ಅದನ್ನೇ ಮಾಡುತ್ತಿದ್ದಳು. ಕೆಂಪು ದಪ್ಪಮೆಣಸಿನಕಾಯಿಯ ಕಾಲ ಅದು. ಪ್ರತಿ ಬಾಲ್ಕನಿಯಿಂದಲೂ ಸುಟ್ಟ ಸಿಪ್ಪೆಯ ವಾಸನೆ. ಮಡಕೆಯಂಥ ಕರೆಂಟಿನ ಒಲೆಯ ತಂತಿ ಬಾಲ್ಕನಿಯ ಹತ್ತಿರದ ಒಂದೇ ಒಂದು ಪ್ಲಗ್ಗಿಗೆ ಮುಟ್ಟುತ್ತಿತ್ತು. ಆ ಪ್ಲಗ್ಗಿನಲ್ಲಿ ಪ್ರಿಂಟರಿನ ತಂತಿ ಇರುತ್ತಿತ್ತು. ಅವಳು ಅದನ್ನು ಕಿತ್ತು ಒಲೆಯದನ್ನು ಸಿಕ್ಕಿಸಿದ್ದಳು. ಪ್ರತಿ ವರ್ಷವೂ ಹಾಗೆಯೇ ಮಾಡುತ್ತಾಳೆ. ಹೋದ ವರ್ಷ ಪ್ರಿಂಟರು ಮುನಿಸಿಕೊಂಡದ್ದೂ ಮೆಣಸಿನಕಾಯಿಯ ಕಾಲದಲ್ಲೇ ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಇನ್ನು ಹಾಳೆ. ದಾಫಿನಾಳ ಒಳ್ಳೆಯ ಫೋಟೋ ಅಂತ ಇದ್ದದ್ದು ಮೆತೋದಿಯ ನಿವೃತ್ತಿಯ ದಿನದ್ದು. ನಡುವೆ ಗ್ಲಾಸು ಎತ್ತಿ ಹಿಡಿದ ಮೆತೋದಿ, ಪಕ್ಕದಲ್ಲಿ ನಗುತ್ತಿರುವ ದಾಫಿನಾ. ಕತ್ತರಿಸುವ ಗುಂಡಿ ಒತ್ತಿದಾಗ ಕಂಪ್ಯೂಟರು ತಾನೇ ಫೋಟೋದ ನಟ್ಟನಡುವೆ ಒಂದು ಚೌಕ ಹಾಕಿಕೊಟ್ಟಿತು. ಮೆತೋದಿ ಯಾವ ಫೋಟೋದಲ್ಲಾದರೂ ನಟ್ಟನಡುವೆಯೇ ಇರುವವನು. ಚೌಕವನ್ನು ಪಕ್ಕಕ್ಕೆ ಎಳೆಯಬೇಕಾಗಿತ್ತು. ಅವನು ಸರಿ ಅಂದ, ಹಾಳೆಗೆ ಅಂಟಿಸಿದ, ಒಂದು ದೊಡ್ಡ ಕಟ್ಟಿಗಾಗುವಷ್ಟು ಪ್ರತಿ ಅಂತ ಹೇಳಿ ಪ್ರಿಂಟ್ ಒತ್ತಿದ. ಆಮೇಲೆ ಕನ್ನಡಕ ಏರಿಸಿ ಪರದೆ ನೋಡಿದ.

ಕಪ್ಪು ಅಂಚು. ಮೇಲೆ ಶಿಲುಬೆ. ‘ನಮ್ಮ ಪ್ರೀತಿಯ ದಾಫಿನಾ ಇಲ್ಲದ ಒಂದು ವರ್ಷ.’ ಅದರ ಕೆಳಗೆ ಗ್ಲಾಸು ಎತ್ತಿ ಹಿಡಿದ ಅವನದೇ ಮುಖ.

“ಥೂ, ಥೂ, ಥೂ!” ಎಂದು ಉಗಿದು, ಅಪಶಕುನ ತಟ್ಟದಿರಲೆಂದು ಮೇಜಿನ ಮರಕ್ಕೆ ಗೆಣ್ಣಿನಿಂದ ಕುಟ್ಟಿದ. ಚೌಕ ಎಳೆದು ದಾಫಿನಾಳ ಮುಖ ಕೂರಿಸಿ ಮತ್ತೆ ಪ್ರಿಂಟ್ ಒತ್ತಿದ. ಪ್ರಿಂಟರು ಮಿಸುಕಲಿಲ್ಲ. ಮತ್ತೊಮ್ಮೆ ಒತ್ತಿದ. ಪರದೆಯ ಮೂಲೆಯಲ್ಲಿ ಏನೋ ಒಂದು ಸಾಲು ಬಂತು, ಓದದೆ ಮುಚ್ಚಿದ. ಇನ್ನೊಮ್ಮೆ ಒತ್ತಿದ. ಇನ್ನೂ ಒಂದು ಸಾಲು ಬಂತು, ಅದನ್ನೂ ಮುಚ್ಚಿದ.

“ಮತ್ತೆ ಮುನಿಸ್ಕೊಂಡಿದೆ,” ಎಂದು ಎದ್ದ. “ಬಸ್ಸಿಗೆ ಹೊತ್ತಾಯ್ತು. ನಾನು ತಮ್ಮನ ಹಳ್ಳಿಗೆ ಹೋಗಿ ನಾಳೆಗೆ ಅವನು ಭಟ್ಟಿ ಇಳಿಸಿದ ರಾಕಿಯಾ ತರ್ತೀನಿ. ಬೆಳಿಗ್ಗೆ ಅಲ್ಲಿಂದ ಸೀದಾ ಕ್ಲಬ್ಬಿಗೇ ಬರ್ತೀನಿ. ಇದರ ಸಿಟ್ಟು ಇಳಿದ್ಮೇಲೆ ತಾನೇ ಪ್ರಿಂಟ್ ಕೊಡುತ್ತೆ.”

ಆ ಮಾತು ಮಾತ್ರ ಅಕ್ಷರಶಃ ನಡೆಯಿತು. ಮಧ್ಯಾಹ್ನ ಮೆಣಸಿನಕಾಯಿ ಮುಗಿಸಿ ಕೆರಾಂಕಾ ಪ್ರಿಂಟರಿನ ತಂತಿಯನ್ನು ಮತ್ತೆ ಸಿಕ್ಕಿಸಿದಳು. ಯಂತ್ರ ಒಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಹಾಳೆಯ ಮೇಲೆ ಹಾಳೆ ಉಗುಳತೊಡಗಿತು. ಅವಳು ಓಡಿಹೋಗಿ ಸಿಪ್ಪೆ ಮೆತ್ತಿದ ಕೈಗಳನ್ನು ತೊಳೆಯತೊಡಗಿದಳು. ಅಷ್ಟರಲ್ಲಿ ಕೆಳಗಿನ ಮನೆಯ ದೋಂಕಾ ತೆರೆದ ಬಾಗಿಲಿನಿಂದ ಒಳಗೆ ಬಂದಿದ್ದಳು. ಹಾಳೆ ಹಚ್ಚುವುದು ಆ ಬೀದಿಯಲ್ಲಿ ದೋಂಕಾಳ ಹಕ್ಕು. ಯಾರು ಸತ್ತರೂ ಅಂಟಿನ ಡಬ್ಬಿ ಹಿಡಿದು ಮೊದಲು ಹೊರಡುವವಳು ಅವಳು. ಕನ್ನಡಕ ಇದೆ, ಹಾಕುವುದಿಲ್ಲ. ಹಾಕಿದರೆ ವಯಸ್ಸಾದ ಹಾಗೆ ಕಾಣುತ್ತದಂತೆ. ಅವಳಿಗೆ ಎಂಬತ್ತೊಂದು.

“ಕೈ ತೊಳ್ಕೋತಾ ಇರು ಕಣೇ, ನಾನು ಹಚ್ಚಿ ಬಿಡ್ತೀನಿ. ಚೆನ್ನಾಗಿ ಬಂದಿದೆ. ನಗ್ತಾ ಇದಾಳೆ ಪಾಪ,” ಎಂದು ಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟೇಹೋದಳು. ಪ್ರಿಂಟರಿನ ಕಾಗದ ಅಲ್ಲಿಗೇ ಮುಗಿಯಿತು.

ಸಂಜೆ ಕಸ ಹಾಕಲು ಕೆಳಗಿಳಿದ ಕೆರಾಂಕಾ ಬಾಗಿಲಲ್ಲಿ ಗಂಡನ ಮುಖ ನೋಡಿದಳು. ಕಂಬದಲ್ಲೂ ನೋಡಿದಳು. ಬಸ್ ನಿಲ್ದಾಣದ ಗಾಜಿನ ಮೇಲೆ ಸಾಲಾಗಿ ಮೂರು ಮೆತೋದಿಗಳು ಗ್ಲಾಸು ಎತ್ತಿ ಹಿಡಿದು ನಿಂತಿದ್ದರು. ಅವಳ ಕೈ ಹಾಳೆಯ ಮೂಲೆಗೆ ಹೋಯಿತು.

ಅಲ್ಲೇ ನಿಂತಿತು. ಮನೆಯಲ್ಲಿ ಕಾಗದವಿಲ್ಲ. ಅಂಗಡಿ ಮುಚ್ಚಿದೆ, ಸೋಮವಾರವೇ ತೆರೆಯುವುದು. ಇವನ್ನು ಕಿತ್ತರೆ ನಾಳೆ ಮತ್ತೆ ಪಾದ್ರಿ, ತಾನು, ಮೆತೋದಿ. ಈ ಸಲ ದಾರಿ ತಪ್ಪಿದ ಮುದುಕನೂ ಸಿಗಲಿಕ್ಕಿಲ್ಲ. ಅವಳು ಹಾಳೆಯನ್ನು ಇನ್ನೊಮ್ಮೆ ಓದಿದಳು. ಹೆಸರು ಸರಿಯಿದೆ. ದಿನ ಸರಿಯಿದೆ. ಜಾಗ ಸರಿಯಿದೆ. ತಪ್ಪಿರುವುದು ಒಂದು ಮುಖ ತಾನೇ? ಆ ಮುಖದ ಜೊತೆ ಅವಳು ಇಷ್ಟು ವರ್ಷ ಹೊಂದಿಕೊಂಡಿಲ್ಲವೇ? ಸಡಿಲವಾಗಿದ್ದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಅಂಟಿಸಿ, ಕಸ ಹಾಕಿ ಮೇಲೆ ಹೋದಳು.

ಶನಿವಾರ ಕ್ಲಬ್ಬಿನಲ್ಲಿ ಕುರ್ಚಿ ಸಾಲಲಿಲ್ಲ. ಹೆಸರು ಓದಿದವರು ದಾಫಿನಾಳಿಗಾಗಿ ಬಂದಿದ್ದರು: ಡಬ್ಬಿ ಕಾರ್ಖಾನೆಯ ಹೆಂಗಸರು, ಬಣ್ಣ ಹಚ್ಚಿದ ಕೂದಲು, ಊದಿದ ಕಾಲು, ಕೈಯಲ್ಲಿ ಹೂವು. ಮುಖ ನೋಡಿದವರು ಮೆತೋದಿಗಾಗಿ ಬಂದಿದ್ದರು: ಸ್ಟೇಷನ್ನಿನ ಹಳಬರು, ಎಂಟೂ ಮಹಡಿಯವರು. ಎರಡನ್ನೂ ನೋಡಿದವರಿಗೆ ಮನೆಯಲ್ಲಿ ಕೂರಲು ಆಗಲೇ ಇಲ್ಲ. ಕೆರಾಂಕಾ ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿಯನ್ನು ಹಂಚುತ್ತ ಕಿವಿ ತೆರೆದಿಟ್ಟಿದ್ದಳು.

“ಸತ್ತು ಒಂದು ವರ್ಷ ಆಯ್ತಂತೆ,” ಎಂದ ಮೆತೋದಿಯ ಜೊತೆ ಕೆಲಸ ಮಾಡಿದ್ದ ಜೆಲ್ಯೋ. ಅವನ ಕೈಯಲ್ಲಿ ಸತ್ತವರಿಗೆ ತರುವಂತೆ ಸಮಸಂಖ್ಯೆಯ ಹೂವು. “ಹೋದ ವಾರ ಇವನ ಜೊತೆ ಚದುರಂಗ ಆಡ್ದೆ ಅಂತ ನನ್ನ ನೆನಪು.”

“ಬೇರೆ ಯಾರೋ ಇರ್ಬೇಕು,” ಎಂದ ಪಕ್ಕದವನು.

“ಸೋತ ತಕ್ಷಣ ಕಾಯೆಲ್ಲ ಚೆಲ್ಲಿ ಎದ್ದುಹೋದ. ಅವನೇ ಇರ್ಬೇಕು.”

“ಲಿಫ್ಟ್ ಯಾಕೆ ರಿಪೇರಿ ಆಗ್ಲಿಲ್ಲ ಅಂತ ಈಗ ಗೊತ್ತಾಯ್ತು ನೋಡಿ,” ಎಂದಳು ಏಳನೇ ಮಹಡಿಯವಳು. “ಪಾಪ, ನಾನು ಬದುಕಿದಾನೆ ಅಂದ್ಕೊಂಡು ವರ್ಷವಿಡೀ ಬೈದೆ.”

ಅಷ್ಟರಲ್ಲಿ ಬಾಗಿಲು ತೆರೆದು, ರಾಕಿಯಾದ ದೊಡ್ಡ ಸೀಸೆಯನ್ನು ತಬ್ಬಿಕೊಂಡು ಮೆತೋದಿ ಒಳಗೆ ಬಂದ. ಮುದುಕಿಯೊಬ್ಬಳು ಎದೆಯ ಮೇಲೆ ಶಿಲುಬೆ ಬರೆದುಕೊಂಡಳು.

“ಅಬ್ಬಬ್ಬಾ, ಎಷ್ಟು ಜನ!” ಎಂದ ಮೆತೋದಿ. “ನಮ್ಮ ದಾಫಿನಾಗೆ ಇಷ್ಟು ಬಳಗ ಇತ್ತಾ?”

“ಅರ್ಧ ಅವಳಿಗೆ. ಇನ್ನರ್ಧ ನಿನಗೆ ಕಣಯ್ಯಾ,” ಎಂದು ಜೆಲ್ಯೋ ಕಂಬದಿಂದ ಕಿತ್ತು ತಂದಿದ್ದ ಹಾಳೆಯನ್ನು ಮುಂದೆ ಹಿಡಿದ.

ಮೆತೋದಿ ನೋಡಿದ. ಸೀಸೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. “ಇದನ್ನ ನಾನು ಸರಿಮಾಡಿ, ಆಮೇಲೆ ಬೇರೆ ಪ್ರಿಂಟಿಗೆ ಕಳಿಸ್ದೆ! ಮೂರು ಸಲ ಕಳಿಸ್ದೆ!”

“ಮೊದಲನೇದನ್ನ ತೆಗೆದ್ಯಾ?”

“ಯಾವ ಮೊದಲನೇದು?”

“ಮುಂದಿನ ಗಾಡಿ ಹಳಿ ಮೇಲೇ ನಿಂತಿದೆ, ಅದನ್ನ ಸರಿಸದೆ ಹಿಂದಿಂದ ಮೂರು ಗಾಡಿ ಬಿಟ್ಟಿದೀಯಲ್ಲೋ,” ಎಂದ ಜೆಲ್ಯೋ. “ದಾರಿ ತೆರೆದಾಗ ಮೊದಲು ಹೊರಡೋದು ಯಾವುದಪ್ಪಾ? ಇಂಥವನ ಕೈಯಲ್ಲಿ ಇಷ್ಟು ವರ್ಷ ನಮ್ಮ ರೈಲು ಓಡಿದ್ವು!”

ಸ್ಟೇಷನ್ನಿನ ಹಳಬರೆಲ್ಲ ಹೋ ಎಂದು ನಕ್ಕರು. ಮೆತೋದಿ ಹೆಂಡತಿಯ ಕಡೆ ತಿರುಗಿದ. “ನೀನು ನೋಡ್ಲಿಲ್ವಾ?”

“ನೋಡ್ದೆ,” ಎಂದಳು ಕೆರಾಂಕಾ, ಅವನ ಕೈಗೂ ಒಂದು ಬಟ್ಟಲು ಗೋಧಿ ಕೊಡುತ್ತ. “ಎಲ್ಲಾ ಅದರ ಹೊಟ್ಟೆಯೊಳಗೇ ಇತ್ತಲ್ಲ. ಬಂದದ್ದನ್ನ ಬೇಡ ಅನ್ನೋಕೆ ನಾನ್ಯಾರು?”

ಅವಮಾನವನ್ನು ಮುಚ್ಚಲು ಅವನು ಕೋಟಿನ ಜೇಬಿನಿಂದ ಡಿಸ್ಕು ತೆಗೆದ. “ಈಗ ನಮ್ಮ ದಾಫಿನಾಳ ಹಾಡು ಕೇಳಿ,” ಎಂದು ಘೋಷಿಸಿ ಕ್ಲಬ್ಬಿನ ಹಳೇ ಪ್ಲೇಯರಿಗೆ ಹಾಕಿದ. ಅದು ಡಿಸ್ಕನ್ನು ಎರಡು ಸುತ್ತು ತಿರುಗಿಸಿ, ಒಳಗೆ ಏನೂ ಇಲ್ಲ ಎಂದಿತು. ಒರೆಸಿ ಹಾಕಿದ. ಏನೂ ಇಲ್ಲ. ತಟ್ಟಿ ಹಾಕಿದ. ಏನೂ ಇಲ್ಲ. ಅಳಿಸಬಹುದಾಗಿತ್ತು, ಸೇರಿಸಬಹುದಾಗಿತ್ತು, ಕೇಳುವುದೊಂದು ಆಗಲಿಲ್ಲ.

ಕೆರಾಂಕಾ ಬಟ್ಟಲು ಹಿಡಿದುಕೊಂಡೇ ಪ್ಲೇಯರಿನ ಹತ್ತಿರ ಬಂದಳು. ಜನ ಬಂದರು, ಹಾಡು ಬರಲಿಲ್ಲ.

“ಯಾವ ಹಾಡು ಕಣೇ ಅದು?” ಎಂದು ಮೂಲೆಯಿಂದ ದಪ್ಪ ಗಂಟಲಿನ ಸ್ತಾನ್ಕಾ ಕೇಳಿದಳು. ಡಬ್ಬಿ ಕಾರ್ಖಾನೆಯಲ್ಲಿ ದಾಫಿನಾಳ ಪಕ್ಕದಲ್ಲೇ ನಿಂತು ಟೊಮೇಟೊ ಆರಿಸಿದವಳು.

ಕೆರಾಂಕಾ ಹೇಳಿದಳು.

“ಅಯ್ಯೋ, ಅದಕ್ಕೆ ಆ ತಟ್ಟೆ ಯಾಕೆ?” ಎಂದು ಸ್ತಾನ್ಕಾ ಕೂತಲ್ಲೇ ಹಾಡು ಎತ್ತಿದಳು. ಪಕ್ಕದವಳು ಸೇರಿದಳು, ಅವಳ ಹಿಂದಿನವಳು ಸೇರಿದಳು. ಗಂಟಲು ಸವೆದಿದ್ದವು, ಆದರೆ ಪದ ಮರೆತಿರಲಿಲ್ಲ. ಹಾಡು ಮೇಲಕ್ಕೆ ಏರುವ ಕಡೆ ದಾಫಿನಾ ಒಬ್ಬಳೇ ಹೋಗುತ್ತಿದ್ದಳಂತೆ. ಅಲ್ಲಿ ಎಲ್ಲರೂ ಹಳೇ ರೂಢಿಯಂತೆ ಸುಮ್ಮನಾದರು. ಯಾರೂ ಆ ಜಾಗ ತುಂಬಲಿಲ್ಲ. ಅಷ್ಟು ಹೊತ್ತು ಕಾದು, ಅವಳು ಇಳಿದುಬರುವ ಕಡೆ ಮತ್ತೆ ಜೊತೆಗೂಡಿದರು. ಕೆರಾಂಕಾ ಬಟ್ಟಲನ್ನು ಮೇಜಿನ ಮೇಲಿಟ್ಟು ಬರಿಗೈಯಿಂದಲೇ ಕಣ್ಣು ಒರೆಸಿಕೊಂಡಳು.

“ರೆಕಾರ್ಡಿಂಗ್ ಇನ್ನೂ ಸ್ಪಷ್ಟವಾಗಿತ್ತು,” ಎಂದ ಮೆತೋದಿ.

ಭಾನುವಾರ ಅವನು ಮತ್ತೆ ಬೆಂಚಿನ ಮೇಲಿದ್ದ. ನಮ್ಮಲ್ಲಿ ಹಚ್ಚಿದ ಹಾಳೆಯನ್ನು ಯಾರೂ ಕೀಳುವುದಿಲ್ಲ, ಮಳೆಯೇ ಕೀಳಬೇಕು. ಜೆಲ್ಯೋ ಕಿತ್ತದ್ದೊಂದು ಬಿಟ್ಟರೆ ಉಳಿದವೆಲ್ಲ ಹಾಗೇ ಇದ್ದವು. ಬೆಂಚಿನ ಹಿಂದಿನ ಬಾಗಿಲಲ್ಲೂ ಅವನು ಗ್ಲಾಸು ಎತ್ತಿ ಹಿಡಿದೇ ಇದ್ದ. “ಹೋದ ವರ್ಷ ನಾಲ್ಕು ಜನ, ಈ ವರ್ಷ ಕುರ್ಚಿ ಸಾಲ್ಲಿಲ್ಲ. ಯಾವ ಅಂಗಡಿಯವನು ಅಷ್ಟು ಜನರನ್ನ ತರಿಸ್ತಿದ್ದ ಹೇಳಿ?” ಎನ್ನುವುದು ನಾಲ್ಕನೇ ಮಹಡಿಗೂ ಕೇಳುತ್ತಿತ್ತು.

“ಲಿಫ್ಟ್ ಯಾವಾಗ, ಸತ್ತೋನೇ?” ಎಂದು ಯಾರೋ ಮೇಲಿನಿಂದ ಕೂಗಿದರು.

ಕೆರಾಂಕಾ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಳು. ಕ್ಲಬ್ಬಿನಿಂದ ತಂದಿದ್ದ ಡಿಸ್ಕಿನ ತೂತಿಗೆ ದಾರ ಪೋಣಿಸಿ, ಗಂಟು ಹಾಕಿ, ಉಳಿದವುಗಳ ಪಕ್ಕಕ್ಕೆ ಇಳಿಬಿಟ್ಟಳು. ಆಮೇಲೆ ಮೆತೋದಿಯ ಅಂಗಿಯನ್ನು ಬಕೆಟ್ಟಿನಿಂದ ಎತ್ತಿ, ಚೆನ್ನಾಗಿ ಹಿಂಡಿ, ಕೊಡವಿ, ತಂತಿಗೆ ಹಾಕಿ ಎರಡು ಕ್ಲಿಪ್ಪು ಸಿಕ್ಕಿಸಿದಳು.