ಶಕುಂತಲಾ ಆರಿಸಿಕೊಟ್ಟ ಬಣ್ಣ

ಶಕುಂತಲಾ ಒಂದು ಮಾತು ಆಡಿದ್ದರೆ ಅವತ್ತು ಏನೂ ಆಗುತ್ತಿರಲಿಲ್ಲ. ಆಡಲಿಲ್ಲ. ಆಡಬೇಡ ಎಂದು ತಲೆಗೆ ತುಂಬಿದವಳು ನಾನೇ, ಪಕ್ಕದ ಮನೆಯ ಜಯಮಾಲಾ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಸಾಚಾ ಎಂದುಕೊಳ್ಳುವುದು ಬೇಡ.

ಆಸ್ಟ್ರೇಲಿಯಾದ ಪರ್ತ್‌ನ ಮೋರ್ಲಿಯಲ್ಲಿ ನಮ್ಮಿಬ್ಬರ ಮನೆಗಳಿಗೆ ಒಂದೇ ಬೇಲಿ. ಶಕುಂತಲಾ ಮೈಸೂರಿನವಳು. ಗಂಡ ಮಲ್ಲಿಕಾರ್ಜುನ ಜಿಯಾಲಜಿಸ್ಟ್, ಎರಡು ವಾರ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ಇವಳು ಇಲ್ಲಿನ ಶಾಪಿಂಗ್ ಸೆಂಟರಿನ ಔಷಧಿ ಅಂಗಡಿಯಲ್ಲಿ ಮೇಕಪ್ ಕೌಂಟರ್ ನೋಡಿಕೊಳ್ಳುತ್ತಾಳೆ. ಯಾರ ಕೆನ್ನೆಗೆ ಯಾವ ಬಣ್ಣ ಒಪ್ಪುತ್ತದೆಂದು ಹತ್ತು ಹೆಜ್ಜೆ ದೂರದಿಂದಲೇ ಹೇಳಿಬಿಡುತ್ತಾಳೆ. ಅವಳದು ಕಪ್ಪು ಬಣ್ಣ. ಎಣ್ಣೆಗಪ್ಪು, ಲಕ್ಷಣವಾದ ಕಪ್ಪು ಎಂಬ ಸಮಾಧಾನದ ಮಾತುಗಳು ನನಗೆ ಆಗಿಬರುವುದಿಲ್ಲ. ಕಪ್ಪು, ಅಷ್ಟೆ. ಮೂರು ಗಂಡುಗಳು ಬಂದು ಉಪ್ಪಿಟ್ಟು, ಕೇಸರಿಬಾತು ತಿಂದು, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಕೈ ತೊಳೆದುಕೊಂಡು ಹೋದವು. ಮದುವೆಯಾದ ಮೇಲೆ ಗಂಡನ ಸೋದರತ್ತೆ ದಿನಾ ಕಡಲೆಹಿಟ್ಟು ಹಚ್ಚಿಕೊಳ್ಳಮ್ಮ ಎಂದು ಡಬ್ಬಿ ತುಂಬಿಸಿ ಕಳಿಸಿದಳಂತೆ. ಇದನ್ನೆಲ್ಲ ಶಕುಂತಲಾ ನಗುನಗುತ್ತ ಹೇಳುತ್ತಾಳೆ. ತನಗಾದದ್ದನ್ನು ನುಂಗಿಕೊಳ್ಳಬಲ್ಲ ಹೆಂಗಸು ಅವಳು. ಮಗಳಿಗಾದದ್ದು ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ.

ಮಗಳು ಪೂರ್ವಿಗೆ ಹನ್ನೊಂದು ವರ್ಷ. ತಾಯಿಯದೇ ಬಣ್ಣ, ಧ್ವನಿ ಮಾತ್ರ ಯಾರಿಂದ ಬಂತೋ, ಬಾಯಿ ತೆರೆದರೆ ಇಡೀ ಹಾಲ್ ಸುಮ್ಮನಾಗುತ್ತದೆ. ನಮ್ಮ ಕನ್ನಡ ಬಳಗದಲ್ಲಿ ಸಾಂಸ್ಕೃತಿಕ ಕಾರ್ಯಕ್ರಮವೆಂದರೆ ಕಾರ್ಯದರ್ಶಿ ಗುರುದತ್ತರ ಹೆಂಡತಿ ಸುಭದ್ರಾ ಹೇಳಿದ್ದೇ ಕೊನೆ. ನಾಲ್ಕು ವರ್ಷದಿಂದ ಪ್ರತಿ ರಾಜ್ಯೋತ್ಸವಕ್ಕೂ ಪೂರ್ವಿ ಪರದೆಯ ಹಿಂದೆ ನಿಂತು ಹಾಡುತ್ತಾಳೆ. ಮುಂದೆ ಭುವನೇಶ್ವರಿಯ ಕಿರೀಟ ತೊಟ್ಟು ತುಟಿ ಅಲ್ಲಾಡಿಸುವುದು ಸುಭದ್ರಾಳ ಮಗಳು ಅನನ್ಯಾ. ಹೋದ ಸಲ ಶಕುಂತಲಾ ಕೇಳಿಯೇಬಿಟ್ಟಳು.

"ಅಯ್ಯೋ, ತಪ್ಪು ತಿಳ್ಕೋಬೇಡ ಕಣೇ," ಎಂದಳು ಸುಭದ್ರಾ. "ಲೈಟಿಂಗ್ ಪ್ರಾಬ್ಲಮ್ ಅಷ್ಟೇ. ಫೋಟೋದಲ್ಲಿ ಮಗು ಮುಖಾನೇ ಕಾಣ್ಸಲ್ಲ."

ಲೈಟಿಂಗ್ ಅಂತೆ! ನಾಲ್ಕು ವರ್ಷದಲ್ಲಿ ಒಂದು ಬಲ್ಬು ಬದಲಾಯಿಸಲು ಕೈಲಾಗದ ಬಳಗ!

ಅದಾದ ಮೇಲೆ ಪೂರ್ವಿಗೆ ಸ್ಕೂಲಿನಲ್ಲಿ ಒಂದು ಪ್ರಾಜೆಕ್ಟ್ ಬಂತು, ಅಮೆರಿಕದ ಕಪ್ಪು ಹೆಣ್ಣುಮಕ್ಕಳ ಬಗ್ಗೆ. ತಾಯಿ ಮಗಳು ಕೂತು ಓದಿದ್ದೇ ಓದಿದ್ದು. ತನ್ನ ದೇಶದಲ್ಲಿ ಯಾವ ಪೈಲಟ್ ಶಾಲೆಯೂ ಸೇರಿಸಿಕೊಳ್ಳದಿದ್ದಾಗ ಫ್ರೆಂಚ್ ಕಲಿತು, ಫ್ರಾನ್ಸಿಗೆ ಹೋಗಿ ವಿಮಾನ ಹಾರಿಸಲು ಕಲಿತ ಬೆಸ್ಸಿ ಕೋಲ್ಮನ್. ಗಗನಯಾತ್ರಿಯೊಬ್ಬ ಬಾಹ್ಯಾಕಾಶಕ್ಕೆ ಹೊರಡುವ ಮುನ್ನ ಕಂಪ್ಯೂಟರಿನ ಲೆಕ್ಕವನ್ನು ಈಕೆಯೇ ಪರೀಕ್ಷಿಸಲಿ ಎಂದು ಕೇಳಿದನಲ್ಲ, ಆ ಕ್ಯಾಥರೀನ್ ಜಾನ್ಸನ್. ಕಣ್ಣಿನ ಪೊರೆ ತೆಗೆಯಲು ಲೇಸರ್ ಉಪಕರಣ ಕಂಡುಹಿಡಿದ ಡಾಕ್ಟರ್ ಪ್ಯಾಟ್ರಿಶಿಯಾ ಬಾತ್. ಪೂರ್ವಿಗೆ ಮನಸ್ಸಿಗೆ ಹತ್ತಿದವಳು ಮಾತ್ರ ಕ್ಲಾಡೆಟ್ ಕಾಲ್ವಿನ್. ಹದಿನೈದರ ಹುಡುಗಿ, ರೋಸಾ ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲೇ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡುವುದಿಲ್ಲ ಎಂದು ಕೂತು ಪೊಲೀಸರಿಂದ ಬಂಧನಕ್ಕೊಳಗಾದವಳು. ಚಳವಳಿಯ ದೊಡ್ಡವರು ಅವಳನ್ನು ಮುಂದೆ ನಿಲ್ಲಿಸಲಿಲ್ಲ. ಕಾರಣ ಹಲವಿದ್ದವು, ಉಳಿದವರಿಗಿಂತ ಕಪ್ಪಾದ ತನ್ನ ಬಣ್ಣವೂ ಅವುಗಳಲ್ಲೊಂದು ಎಂದು ಆಕೆಯೇ ಮುಂದೆ ಹೇಳಿಕೊಂಡರು.

ಶಕುಂತಲಾ ಅವರಲ್ಲಿ ಐವರನ್ನು ಆರಿಸಿ, ಒಬ್ಬೊಬ್ಬರಿಗೂ ಎಂಟು ಹತ್ತು ಸಾಲು ಕನ್ನಡದಲ್ಲಿ ಬರೆದಳು. ಮಾರ್ಚಿನ ಮಹಿಳಾ ದಿನಕ್ಕೆ ಮಕ್ಕಳಿಂದ ಮಾಡಿಸಿ, ಪೂರ್ವಿ ಕ್ಲಾಡೆಟ್ ಆಗಲಿ ಎಂದು ಸುಭದ್ರಾಳ ಕೈಗಿಟ್ಟಳು. ಮುಖ್ಯ ಅತಿಥಿ ನಗರಸಭೆಯ ಸದಸ್ಯೆ, ಸುಡಾನ್ ಮೂಲದವರು. ಸುಭದ್ರಾ ಕುಣಿದಾಡಿಬಿಟ್ಟಳು. ಒಂದೇ ವಾರದಲ್ಲಿ ಪಾತ್ರಗಳ ಪಟ್ಟಿ ವಾಟ್ಸಾಪಿಗೆ ಬಂತು. ಐವರೂ ಬೆಳ್ಳನೆಯ ಹುಡುಗಿಯರು. ಕ್ಲಾಡೆಟ್ ಆಗಿ ಅನನ್ಯಾ. ಮಾತೆಲ್ಲ ಪೂರ್ವಿಯದು, ಪರದೆಯ ಹಿಂದಿನ ಮೈಕಿನಲ್ಲಿ.

ಶಕುಂತಲಾ ಫೋನ್ ಮಾಡಿದಾಗ ಆ ಮಹಾತಾಯಿ ಹೇಳಿದ್ದು ನನಗೂ ಸ್ಪೀಕರಿನಲ್ಲಿ ಕೇಳಿಸಿತು. "ಬೆಳ್ಳಗಿರೋ ಮಕ್ಕಳಿಗೆ ಕಪ್ಪು ಬಳಿದ್ರೇನೇ ಕಣೇ ಅದು ಫ್ಯಾನ್ಸಿ ಡ್ರೆಸ್ಸು. ಪೂರ್ವೀನ ನಿಲ್ಲಿಸಿದ್ರೆ ವೇಷ ಅಂತ ಏನಾಯ್ತು, ನೀನೇ ಹೇಳು?"

ನನಗೆ ಮೈಯೆಲ್ಲ ಉರಿದುಹೋಯಿತು. ಊರಿನ ಸ್ಕೂಲ್ ಡೇಗಳಲ್ಲಿ ಕೃಷ್ಣನಿಗೆ ನೀಲಿ, ಹನುಮಂತನಿಗೆ ಕೆಂಪು ಬಳಿದು ಬಂದ ಕೈ ಸುಭದ್ರಾಳದು. ಕಪ್ಪು ಬಳಿದರೆ ಈ ದೇಶದಲ್ಲಿ ಅದೆಂಥ ಅವಮಾನ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಶಕುಂತಲಾಗೆ ಗೊತ್ತಿತ್ತು. ಹಿಂದೆ ಬಿಳಿಯರು ಮುಖಕ್ಕೆ ಕಪ್ಪು ಮೆತ್ತಿಕೊಂಡು ಕಪ್ಪು ಜನರನ್ನು ಅಣಕಿಸಿ ನಗಿಸುತ್ತಿದ್ದುದನ್ನು ಪೂರ್ವಿಯ ಟೀಚರ್ ಪ್ರಾಜೆಕ್ಟಿನ ಮೊದಲ ದಿನವೇ ಬಿಡಿಸಿ ಹೇಳಿದ್ದರು.

"ಬಳೀಬಾರ್ದು ಅಂತ ಹೇಳ್ಬಿಡ್ಲಾ, ಜಯಾ?" ಎಂದು ಕೇಳಿದಳು.

"ಬಾಯಿ ಮುಚ್ಕೊಂಡು ಸುಮ್ನಿರು. ನಾಲ್ಕು ವರ್ಷ ನಿನ್ ಮಗಳನ್ನ ಬಚ್ಚಿಟ್ರಲ್ಲ? ಒಂದಿನ ಎಲ್ಲರೆದುರು ಸುಭದ್ರಾ ಮಾನ ಹೋಗ್ಲಿ, ಗೊತ್ತಾಗುತ್ತೆ."

ಅವಳು ಫೋನನ್ನು ಮೇಜಿನ ಮೇಲೆ ಬೋರಲಿಟ್ಟಳು. ಆಮೇಲೆ, "ಹೋಗ್ಲಿ," ಎಂದಳು.

ಮುಂದಿನ ಶನಿವಾರ ಸುಭದ್ರಾ ಬಣ್ಣ ಹುಡುಕಿಕೊಂಡು ಅವಳ ಕೌಂಟರಿಗೇ ಬಂದಳಂತೆ. ಬೆವರಿಗೆ ಇಳಿಯಬಾರದು ಎಂದಳಂತೆ. ನೀರಿಗೆ ಹೋಗುವ ಬಣ್ಣವೂ ಅಲ್ಲಿತ್ತು. ಶಕುಂತಲಾ ಕೈಹಾಕಿದ್ದು ಜಪ್ಪಯ್ಯ ಎಂದರೂ ಹೋಗದ ಬಣ್ಣಕ್ಕೆ. ಅದನ್ನು ತೆಗೆಯುವ ಎಣ್ಣೆಯ ಸೀಸೆ ಪಕ್ಕದಲ್ಲೇ ಇತ್ತು, ತೋರಿಸಲಿಲ್ಲ. ಸಂಜೆ ಇದನ್ನು ಹೇಳಿ ಹೇಳಿ ನಕ್ಕೆವು. ಎಷ್ಟೋ ವರ್ಷಗಳ ಮೇಲೆ ಅವಳು ಅಷ್ಟು ನಕ್ಕದ್ದು ನೋಡಿದೆ.

ಕಾರ್ಯಕ್ರಮ ಭಾನುವಾರ ಮಧ್ಯಾಹ್ನ. ಬಣ್ಣ ಕಂಡರೆ ಪೂರ್ವಿ ಸುಮ್ಮನಿರುವ ಹುಡುಗಿಯಲ್ಲ. ಅದಕ್ಕೇ ಬೇಕೆಂದೇ ತಡವಾಗಿ ಹೊರಟು, ಹಿಂಬಾಗಿಲಿನಿಂದ ಕರೆದೊಯ್ದು ಮೈಕಿನ ಮುಂದೆ ಕೂರಿಸಿ ಬಂದೆವು. ಪರದೆ ಸರಿಯಿತು. ಹಣೆಯಿಂದ ಕುತ್ತಿಗೆಯವರೆಗೆ ಕಪ್ಪು ಮೆತ್ತಿಕೊಂಡು, ಗುಂಗುರು ವಿಗ್ ಹಾಕಿಕೊಂಡು ಐದು ಮಕ್ಕಳು ಬಂದವು. ನಮ್ಮವರು ಕೆಲವರು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಅತಿಥಿ ಅಲ್ಲಾಡದೆ ಕೂತಿದ್ದರು. ಸ್ಪೀಕರಿನಲ್ಲಿ ಪೂರ್ವಿಯ ಧ್ವನಿ, "ನಾನು ಏಳೋದಿಲ್ಲ. ನಾನೂ ಟಿಕೆಟ್ ತಗೊಂಡಿದ್ದೀನಿ," ಎನ್ನುವ ಹೊತ್ತಿಗೆ ಆಕೆ ಬ್ಯಾಗ್ ಎತ್ತಿಕೊಂಡು ಎದ್ದರು. ಗುರುದತ್ತರಿಗೆ ಮೆಲ್ಲಗೆ ಏನೋ ಹೇಳಿ ನಡೆದೇಬಿಟ್ಟರು. ಅವರ ಜೊತೆ ಬಂದ ಇಬ್ಬರೂ ಎದ್ದರು. ಹೂಗುಚ್ಛ ಹಿಡಿದು ಸುಭದ್ರಾ ಕಾರ್ ಪಾರ್ಕಿನ ತನಕ ಓಡಿದಳು. ಅಬ್ಬಾ, ಆ ಓಟ! ನಾನು ಶಕುಂತಲಾಳ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ?

ಕಾರ್ ಪಾರ್ಕಿನಿಂದ ವಾಪಸಾದ ಸುಭದ್ರಾಳ ಮುಖವನ್ನು ಹತ್ತಿರದಿಂದ ನೋಡೋಣವೆಂದು ಹಿಂದಿನ ಬಾತ್‌ರೂಮಿನ ಕಡೆ ಹೋದೆವು. ಅಲ್ಲಿ ಸುಭದ್ರಾ ಇರಲಿಲ್ಲ. ನಲ್ಲಿಯ ಮುಂದೆ ಅನನ್ಯಾ ಸೋಪು ಹಾಕಿ ಮುಖ ತಿಕ್ಕುತ್ತಿದ್ದಳು. ಕೆನ್ನೆ ಕಿತ್ತುಬರುವಂತೆ ತಿಕ್ಕುತ್ತಿದ್ದಳು. ಬಿಕ್ಕಿ ಬಿಕ್ಕಿ ಅಳು.

"ಹೋಗ್ತಾನೇ ಇಲ್ಲ! ನಾನು ಹೀಗೇ ಇದ್ಬಿಡ್ತೀನಾ?"

ಪೂರ್ವಿ ಒದ್ದೆ ಟಿಶ್ಯೂ ಹಿಡಿದು ಅವಳ ಕಿವಿಯ ಹಿಂದೆ ಒರೆಸುತ್ತಿದ್ದಳು. "ಡೋಂಟ್ ಕ್ರೈ," ಎಂದಳು. "ನಿಂದು ಹೋಗುತ್ತೆ."

ಶಕುಂತಲಾ ಬಾಗಿಲಲ್ಲೇ ನಿಂತುಬಿಟ್ಟಳು. ಮರುಕ್ಷಣ ತಿರುಗಿ ಓಡಿದಳು. ಅವಳು ಕೆಲಸ ಮಾಡುವ ಅಂಗಡಿ ಎರಡೇ ಬೀದಿ ಆಚೆ. ಎಣ್ಣೆಯ ಸೀಸೆ ತಂದು, ಕಲ್ಲಿನ ನೆಲಕ್ಕೆ ಮಂಡಿಯೂರಿ ಆ ಹುಡುಗಿಯ ಮುಖ ಒರೆಸತೊಡಗಿದಳು. ಹಣೆ, ರೆಪ್ಪೆ, ಮೂಗಿನ ಸಂದು. ಹತ್ತಿಯ ಉಂಡೆಗಳು ಒಂದೊಂದಾಗಿ ಕಪ್ಪಾದವು. ಅನನ್ಯಾಳ ಅಳು ನಿಧಾನವಾಗಿ ನಿಂತಿತು.

"ಇದು ನಿಮ್ಮ ಹತ್ರ ಇತ್ತಾ ಆಂಟಿ?" ಎಂದು ಕೇಳಿತು ಮಗು. "ಆ ಕಲರ್ ಕೂಡ ನೀವೇ ಆರಿಸಿಕೊಟ್ರಂತೆ. ಮಮ್ಮಿ ಹೇಳಿದ್ಲು."

ಪೂರ್ವಿಯ ಕೈ ಅಲ್ಲಿಗೇ ನಿಂತಿತು. ತಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ತಾಯಿಯನ್ನು ನೋಡಿದಳು.

"ಅಮ್ಮಾ, ಇವರು ಬಣ್ಣ ಬಳೀತಾರೆ ಅಂತ ನಿಂಗೆ ಗೊತ್ತಿತ್ತಾ?"

ನಾನು ಏನೋ ಹೇಳಿ ಮುಚ್ಚಿಹಾಕಲು ಹೋದೆ. ಶಕುಂತಲಾ ಕೈಯೆತ್ತಿ ನನ್ನನ್ನು ತಡೆದಳು.

"ಗೊತ್ತಿತ್ತು."

"ಬಳೀಬಾರ್ದು ಅಂತ ಒಂದ್ಸಲ ಹೇಳ್ಬೇಕಿತ್ತು," ಎಂದಳು ಪೂರ್ವಿ. ಸ್ಕೂಲಿಗೆ ಸೇರಿದಾಗಿನಿಂದ ತಾಯಿಗೆ ಹೆಚ್ಚಾಗಿ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳಿದಳು. "ಹೇಳಿದ್ರೆ ಅವರಿಗೆ ಕಪ್ಪಗಿರೋ ಹುಡುಗಿ ಬೇರೆ ಯಾರೂ ಇರ್ತಿರ್ಲಿಲ್ಲ. ನನ್ನನ್ನೇ ಸ್ಟೇಜ್ ಮೇಲೆ ಕಳಿಸ್ಬೇಕಾಗ್ತಿತ್ತು."