ಅತ್ತೆಯ ಕೈಗೆ ಸಿಕ್ಕ ಬ್ರೇಕು

ಮೊನ್ನೆ ಅಟ್ಟೂರಿನ ಸೈಕಲ್ ಅಂಗಡಿಯಲ್ಲಿ ಮಗಳ ಸೈಕಲ್ಲಿಗೆ ಗಾಳಿ ಹಾಕಿಸುತ್ತ ನಿಂತಿದ್ದೆ. ಹೊಸ ಬ್ರೇಕ್ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊಡಿಗೇಹಳ್ಳಿಯ ನಮ್ಮ ಹಳೇ ಮನೆ, ಜಯತ್ತೆ, ಎಲ್ಲ ಕಣ್ಣೆದುರು ಬಂತು. ಜಯತ್ತೆ ಅಪ್ಪನ ತಂಗಿ. ಮದುವೆಯಾದ ವರ್ಷದೊಳಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಮೂವರು ಅಣ್ಣಂದಿರ ಸಂಸಾರಕ್ಕೂ ಬೇಯಿಸಿ ಹಾಕುತ್ತಿದ್ದಳು. ಮನೆಯ ಹಿಂದೆ ರಾಗಿ ಒಕ್ಕುವ ಕಣ. ಹೊಲವೆಲ್ಲ ಸೈಟಾದ ಮೇಲೂ ಅದೊಂದು ಹಾಗೇ ಉಳಿದಿತ್ತು. ಮಧ್ಯಾಹ್ನ ಎಲ್ಲರೂ ಉಂಡು ಮಲಗಿದರೆ ಆ ಕಣ ನಮ್ಮಿಬ್ಬರದು.

ನಮ್ಮ ಬಾಡಿಗೆ ಮನೆಯಲ್ಲಿದ್ದವರು ವರ್ಗವಾಗಿ ಹೋಗುವಾಗ, ಫಾರಿನ್ನಿಂದ ತಂದಿದ್ದ ಮಕ್ಕಳ ಸೈಕಲ್ಲೊಂದನ್ನು ನನಗೆ ಬಿಟ್ಟುಹೋಗಿದ್ದರು. ಅದಕ್ಕೆ ಕೈಬ್ರೇಕೇ ಇರಲಿಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ಗಕ್ಕನೆ ನಿಲ್ಲುತ್ತಿತ್ತು. ನನಗೆ ಬೇಗ ಅಭ್ಯಾಸವಾಯಿತು. ನನ್ನನ್ನು ನೋಡಿ ಅತ್ತೆಯೂ ಕದ್ದು ಕಲಿಯತೊಡಗಿದಳು. ಅವಳದು ಪುಟ್ಟ ಮೈ. ಸೀಟು ಎತ್ತರಿಸಿದರೆ ಅವಳಿಗೂ ಆಗುತ್ತಿತ್ತು. ಸೀರೆ ಎತ್ತಿ ಕಟ್ಟಿ, ಪೆಡಲಿನ ಗೊಡವೆಯೇ ಬೇಡವೆಂದು ಎರಡೂ ಕಾಲು ಇಳಿಬಿಟ್ಟುಕೊಂಡು ಕಣದ ಅಂಚಿನ ಇಳಿಜಾರಿನಲ್ಲಿ ಜಾರಿ ಬರುವಳು. ಕಾಲು ಪೆಡಲಿನ ಮೇಲಿಲ್ಲದಿದ್ದರೆ ಬ್ರೇಕು ಎಲ್ಲಿಂದ ಬರಬೇಕು? ಹುಲ್ಲಿನ ಬಣವೆಗೆ ಗುದ್ದಿ, ತಲೆಯೆಲ್ಲ ಹುಲ್ಲು ಮೆತ್ತಿಕೊಂಡು, ಬಾಯಿಗೆ ಸೆರಗೊತ್ತಿ ನಗುವಳು. ಅಡುಗೆಮನೆಯಲ್ಲಿ ಆ ನಗುವನ್ನು ನಾನು ಕಂಡದ್ದೇ ಇಲ್ಲ.

ಒಂದು ದಿನ ಮೊಣಕೈ ತರಚಿಕೊಂಡಳು. ಅಂದು ಬಡಿಸುತ್ತ ಅಪ್ಪನಿಗೆ, "ಅಣ್ಣಾ, ಮಗೀನ್ ಸೈಕಲ್‌ಗೆ ಕೈ ಬ್ರೇಕ್ ಆಕ್ಸಾನ. ಎಲ್ಲಾನಾ ಬಿದ್ದು ಗಿದ್ದು ಮಾಡ್ಕತದೆ," ಅಂದಳು. ಅಪ್ಪ ಹೂಂ ಅಂದರು. ಮಾರನೆಯ ದಿನ ಅತ್ತೆಯೇ ನನ್ನನ್ನು ಅಂಗಡಿಗೆ ಕರೆದೊಯ್ದು ಹಾಕಿಸಿದಳು, ಹ್ಯಾಂಡಲ್ ಹಿಡಿದು ತನ್ನ ಬೆರಳಿಗೇ ಅಳತೆ ನೋಡಿದಳು. ಸಂಜೆ ಅಪ್ಪ "ಎಲ್ಲಿ, ಇಡ್ಕ ನೋಡಾನ" ಅಂದರೆ ನನ್ನ ಬೆರಳು ಬ್ರೇಕಿಗೆ ಎಟುಕಲೇ ಇಲ್ಲ. "ಇದೇನಮ್ಮ, ಮಗೀಗೇ ಸಿಗಾಕಿಲ್ವಲ್ಲ," ಎಂದು ಅಪ್ಪ ಅತ್ತೆಯ ಕಡೆ ತಿರುಗಿದರು. ತರಚಿದ ಮೊಣಕೈ ಕಂಡಿತು. ಅತ್ತೆ ತಲೆ ತಗ್ಗಿಸಿದಳು. ವಿಧವೆ ತಂಗಿ ಸೈಕಲ್ ತುಳಿಯುತ್ತಾಳೆಂದು ಊರು ಆಡಿಕೊಂಡರೆ ಸಹಿಸುವವರಲ್ಲ ಅಪ್ಪ. ಸೈಕಲ್ಲು ಇನ್ನು ಗುಜರಿಗೇ ಎಂದುಕೊಂಡೆ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ತಲೆಯೆತ್ತದೆಯೇ, "ಯಾರ್ ಕೈಗೆ ಸಿಗ್ತದೋ ಅವ್ರು ಇಡ್ಕತಾರೆ. ನೀನ್ ಒಳೀಕೋಗು," ಅಂದಳು. ಅಪ್ಪ ಒಳಗೆ ಹೋದರು.

ಬ್ರೇಕು ಕೈಗೆ ಬಂದ ಧೈರ್ಯಕ್ಕೆ ಪೆಡಲ್ ತುಳಿಯುವುದೂ ತಾನಾಗಿ ಬಂತು. ತಿಂಗಳೊಪ್ಪತ್ತಿನಲ್ಲಿ ಅತ್ತೆ ಹಾಲಿನ ಕ್ಯಾನು ಸಿಕ್ಕಿಸಿಕೊಂಡು ಮುಂಬಾಗಿಲಿನಿಂದಲೇ ಡೈರಿಗೆ ಹೊರಟಳು. ಅಪ್ಪ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು.

ಅಜ್ಜಿ ಹೋದ ಮೇಲೆ ಮನೆ ಭಾಗವಾಯಿತು. ಕಣವನ್ನೂ ಸೇರಿಸಿ ಅಪಾರ್ಟ್‌ಮೆಂಟ್ ಎದ್ದಿತು. ಮೂವರು ಅಣ್ಣಂದಿರಿಗೂ ಫ್ಲಾಟು ಬಂತು, ಅತ್ತೆಗೆ ಆ ಮನೆಗಳಲ್ಲಿ ಸರದಿ ಬಂತು. ಹೋದ ವರ್ಷ ತೀರಿಕೊಳ್ಳುವವರೆಗೂ ಬಟ್ಟೆಯ ಬ್ಯಾಗು ಹಿಡಿದು ಲಿಫ್ಟಿನಲ್ಲಿ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹತ್ತಿ ಇಳಿಯುತ್ತಿದ್ದಳು. ಅಷ್ಟು ದೊಡ್ಡ ಮನೆಯಲ್ಲಿ ಅವಳ ಅಳತೆಗೆಂದು ಮಾಡಿಸಿದ್ದು ಆ ಬ್ರೇಕೊಂದೇ. ಅದೂ ನನ್ನ ಹೆಸರಿನಲ್ಲಿ.